ನಾಲ್ಕನೇ ಪ್ರಾರ್ಥನಾ ವಿಷಯ

ತಿಂಗಳ ಕೊನೆಯ ವಾರ ಬಂತೆಂದರೆ ಟೀಚರಮ್ಮನಿಗೆ ಒಳಗೊಳಗೇ ಸಂಕಟ ಶುರುವಾಗುತ್ತಿತ್ತು. ಕಾರಣ ಬೇರೇನಲ್ಲ, ಊರಿಗೆ ಬರೆಯಬೇಕಾದ ಪತ್ರ. ಅವರನ್ನೂ ಅವರ ಯಜಮಾನರನ್ನೂ ಈ ಪರದೇಶಕ್ಕೆ ಸೇವೆಗೆಂದು ಕಳಿಸಿದ್ದು ಊರಿನ ಕ್ರೈಸ್ತ ಸಭೆ. ಕಳಿಸಿದವರಿಗೆ ತಿಂಗಳಿಗೊಂದು ಪತ್ರವಾದರೂ ಬೇಡವೇ? ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಪತ್ರದ ಕೊನೆಗೆ ನಾಲ್ಕು ಪ್ರಾರ್ಥನಾ ವಿಷಯಗಳು. ಹೆಂಗಸರು ಅವನ್ನು ತಮ್ಮ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡು, ತಿಂಗಳಿಡೀ ಅವುಗಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು.

ಬರೆಯುವುದಕ್ಕೆ ಇದ್ದದ್ದಾದರೂ ಏನು? ಯಜಮಾನರು ಹನ್ನೊಂದು ವರ್ಷದಿಂದ ಟೈರ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ ಬೋಧನೆ ಮಾಡುತ್ತಿದ್ದರು. ಬರುತ್ತಿದ್ದವರು ಒಂಬತ್ತು ಜನ. ಆ ಒಂಬತ್ತರಲ್ಲಿ ಮೂವರು ಹೀಟರಿನ ಬಿಸಿಗೆ ಬರುತ್ತಾರೋ ದೇವರ ವಾಕ್ಯಕ್ಕೆ ಬರುತ್ತಾರೋ ಎಂಬುದು ಆ ದೇವರಿಗೇ ಗೊತ್ತು. ಟೀಚರಮ್ಮ ಅದೇ ಹಾಲಿನಲ್ಲಿ ವಾರಕ್ಕೆ ಮೂರು ದಿನ ಹೊಲಿಗೆ ಕಲಿಸುತ್ತಿದ್ದರು. ಬೀದಿಯವರ ಬಾಯಲ್ಲಿ ಅವರು ಟೀಚರಮ್ಮನಾದದ್ದು ಹಾಗೆ.

ಮೊದಲ ಮೂರು ವಿಷಯಗಳಿಗೆ ಬರವಿರಲಿಲ್ಲ. ಒಂದು, ವೀಸಾ. ಎರಡು, ಬಾಡಿಗೆ ಹಾಲಿನ ಸೋರುವ ಮಾಡು. ಮೂರು, ಯಜಮಾನರ ಮೊಣಕಾಲು. ಈ ಮೊಣಕಾಲಿಗಾಗಿ ಊರಿನ ಸಭೆ ಆರು ವರ್ಷ ಪ್ರಾರ್ಥಿಸಿತ್ತು. ಅದು ಮಾತ್ರ ಜಪ್ಪಯ್ಯ ಅಂದರೂ ಮೊದಲಿದ್ದ ಹಾಗೇ ಇತ್ತು. ಕಷ್ಟವಿದ್ದದ್ದು ನಾಲ್ಕನೆಯದರಲ್ಲಿ. ಅದಕ್ಕೆ ಒಬ್ಬ ಮನುಷ್ಯ ಬೇಕು. ಸಭಾಪಾಲಕರೇ ಒಮ್ಮೆ ಫೋನಿನಲ್ಲಿ ಹೇಳಿದ್ದರು: "ಸಿಸ್ಟರ್, ಮೊಣಕಾಲು, ಮಾಡು ಅಂದ್ರೆ ಜನರಿಗೆ ಕಣ್ಣೀರು ಬರಲ್ಲ. ಅಲ್ಲಿ ನೀವು ನೋಡ್ತಿರೋ ಒಂದು ಜೀವದ ಬಗ್ಗೆ ಬರೀರಿ. ಜನ ಹೃದಯ ಸುರಿದು ಪ್ರಾರ್ಥನೆ ಮಾಡ್ತಾರೆ."

ಆ ಜೀವ ಕೆಳಗಡೆಯೇ ಇತ್ತು.

ಟೀಚರಮ್ಮನ ಮನೆ ಎರಡನೇ ಮಹಡಿಯಲ್ಲಿ. ಅದೇ ಕಟ್ಟಡದ ಕೆಳಗೆ ಇಸ್ತ್ರಿ ಅಂಗಡಿ. ಅಂಗಡಿ ನಡೆಸುತ್ತಿದ್ದವಳು ನಲವತ್ತೈದರ ಹೆಂಗಸು, ಗಟ್ಟಿಮುಟ್ಟಾದ ಕೈ, ಹಗುರವಾದ ನಗು. ಅವಳ ಗಂಡ ಸಣ್ಣ ವ್ಯಾನಿನಲ್ಲಿ ಬಟ್ಟೆ ಗಂಟು ತರುವವನು, ತಲುಪಿಸುವವನು. ಮಂಗಳವಾರ ಮಧ್ಯಾಹ್ನ ಹತ್ತಿರದ ಲಾಡ್ಜಿನಿಂದ ಅರವತ್ತು ಬೆಡ್‌ಶೀಟು ಬರುತ್ತಿದ್ದವು. ದೊಡ್ಡ ಬೆಡ್‌ಶೀಟು ಮಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬಂದ ಹೊಸದರಲ್ಲಿ ಒಂದು ಮಂಗಳವಾರ ಅವಳು ಒಬ್ಬಳೇ ಒದ್ದಾಡುವುದನ್ನು ಕಂಡು ಟೀಚರಮ್ಮ ಒಳಗೆ ಹೋಗಿ ಇನ್ನೊಂದು ತುದಿ ಹಿಡಿದರು. ಹಿಡಿದದ್ದು ಹಿಡಿದೇಬಿಟ್ಟರು, ಹತ್ತು ವರ್ಷ. ಇಬ್ಬರೂ ಎಳೆಯುವುದು, ಒಮ್ಮೆ ಝಾಡಿಸುವುದು, ಎದುರುಬದುರು ನಡೆದು ಬರುವುದು, ತುದಿಗೆ ತುದಿ ಕೂಡಿಸುವುದು. ಅರವತ್ತು ಸಲ ಹತ್ತಿರ ಬಂದು ಅರವತ್ತು ಸಲ ದೂರ ಹೋಗುವಷ್ಟರಲ್ಲಿ ಇಬ್ಬರು ಹೆಂಗಸರು ಆಡದ ಮಾತು ಯಾವುದು ಉಳಿದೀತು? ಈ ಪರಭಾಷೆಯನ್ನು ಟೀಚರಮ್ಮ ಕಲಿತದ್ದೇ ಹಾಗೆ. ಅವಳು ಅವರನ್ನು ಒಡಹುಟ್ಟಿದವಳ ಹಾಗೆ ಅಕ್ಕ ಎಂದು ಕರೆಯತೊಡಗಿದ್ದೂ ಹಾಗೆಯೇ.

ಹೋದ ವರ್ಷ ಒಂದು ಮಂಗಳವಾರ, ಬೆಡ್‌ಶೀಟಿನ ಆ ತುದಿಯಿಂದ ಅವಳು ತಲೆ ಎತ್ತದೆ ಹೇಳಿದಳು:

"ಅಕ್ಕ, ನನಗೊಬ್ಬ ಮಗಳಿದ್ದಾಳೆ."

ಟೀಚರಮ್ಮ ನಿಂತಲ್ಲೇ ನಿಂತರು.

"ನನಗೆ ಹದಿನೇಳಿದ್ದಾಗ ಹುಟ್ಟಿದ್ದು. ತವರಿನವರು ಅನಾಥಾಲಯಕ್ಕೆ ಕೊಟ್ಬಿಟ್ರು. ಹನ್ನೆರಡು ದಿನ ಎತ್ಕೊಂಡಿದ್ದೆ. ಇವರಿಗೆ ಗೊತ್ತಿಲ್ಲ. ಮದುವೆಗೆ ಮುಂಚೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಆಮೇಲೆ ದಿನಾ ಹೇಳ್ಬೇಕು ಅಂದ್ಕೊಳ್ಳೋದು, ದಿನಾ ಇನ್ನಷ್ಟು ತಡ ಆಗೋದು. ಈಗ ಅವಳಿಗೆ ಇಪ್ಪತ್ತೆಂಟು. ನಿನಗೆ ಬಿಟ್ರೆ ಇನ್ಯಾರಿಗೂ ಹೇಳಿಲ್ಲ ಅಕ್ಕ."

ಟೀಚರಮ್ಮ ಬೆಡ್‌ಶೀಟು ಬಿಟ್ಟು ಅವಳನ್ನು ಅಪ್ಪಿಕೊಂಡರು. ಇಬ್ಬರೂ ಅತ್ತರು. ಅಂದು ಮೇಲೆ ಬಂದು ಅವರು ಮೊಣಕಾಲೂರಿ ಆ ಹೆಣ್ಣುಮಗಳಿಗಾಗಿ ಪ್ರಾರ್ಥಿಸಿದ್ದು ಸುಳ್ಳಲ್ಲ. ಆ ಕಣ್ಣೀರೂ ಸುಳ್ಳಲ್ಲ. ಆದರೆ ಅದು ತಿಂಗಳ ಕೊನೆಯ ವಾರವಾಗಿತ್ತು.

"ನಾಲ್ಕು: ಇಸ್ತ್ರಿ ಅಂಗಡಿಯ ಸಹೋದರಿ. ಇಪ್ಪತ್ತೆಂಟು ವರ್ಷದ ಹಿಂದೆ ಕಳೆದುಕೊಂಡ ಮಗಳು ಅವಳಿಗೆ ಸಿಗುವಂತೆ ಪ್ರಾರ್ಥಿಸಿರಿ. ಗಂಡನಿಗೆ ಇದು ತಿಳಿಯದು." ಜೊತೆಗೆ ಒಂದು ಫೋಟೋ: ಇಸ್ತ್ರಿಯ ಮೇಜಿನ ಹಿಂದೆ ನಿಂತು ನಗುತ್ತಿರುವ ಅವಳು. ನಮ್ಮ ಭಾಷೆಯಲ್ಲಿ ಬರೆದದ್ದನ್ನು ಇಲ್ಲಿ ಯಾವ ನರಪಿಳ್ಳೆ ಓದುತ್ತದೆ ಎಂಬ ಧೈರ್ಯ. ಯಜಮಾನರು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಈ ಸಲ ಪತ್ರ ತುಂಬ ಚೆನ್ನಾಗಿ ಬಂದಿದೆ ಕಣೇ" ಎಂದರು. ಟೀಚರಮ್ಮನಿಗೂ ಹಾಗೇ ಅನ್ನಿಸಿತ್ತು. ಮುಂದೆ ಅವರನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಈ ನೆನಪೇ: ಪತ್ರ ಚೆನ್ನಾಗಿ ಬಂತು ಎಂದು ಅವತ್ತು ತಮಗೆ ಖುಷಿಯಾಗಿತ್ತು.

ಊರಿನಲ್ಲಿ ಸಭೆ ಅಲ್ಲಾಡಿಹೋಯಿತು. ಹನ್ನೊಂದು ವರ್ಷದಲ್ಲಿ ಯಾವ ಪತ್ರಕ್ಕೂ ಅಂಥ ಉತ್ತರ ಬಂದಿರಲಿಲ್ಲ. ಸ್ತ್ರೀಯರ ಕೂಟದ ಹಿರಿಯರಾದ ದೊಡ್ಡಮ್ಮ ಶುಕ್ರವಾರದ ಊಟ ಬಿಟ್ಟು ಪ್ರಾರ್ಥನೆಗೆ ಕೂತರಂತೆ. ಎಪ್ಪತ್ತೊಂದು ವಯಸ್ಸಿನ ಜೀವ, ಸಕ್ಕರೆ ಕಾಯಿಲೆ ಬೇರೆ, ಬೇಡವೆಂದರೆ ಕೇಳುವವರಲ್ಲ.

ಪ್ರಾರ್ಥನೆ ಫಲಿಸಿತೆಂದೇ ಟೀಚರಮ್ಮ ಭಾವಿಸಿದರು. ಯಾಕೆಂದರೆ ವರ್ಷ ತುಂಬುವಷ್ಟರಲ್ಲಿ ಇಸ್ತ್ರಿಯವಳು ತಾನಾಗಿಯೇ ಇನ್ನೊಂದು ಮಾತು ತೆಗೆದಳು. ಅನಾಥಾಲಯದ ಹಳೆಯ ಕಡತಗಳೆಲ್ಲ ಈಗ ಪಕ್ಕದ ಪಟ್ಟಣದ ಒಂದು ಕಚೇರಿಯಲ್ಲಿ ಇವೆ, ಹೆತ್ತ ತಾಯಿ ಖುದ್ದಾಗಿ ಹೋಗಿ ಸಹಿ ಹಾಕಿದರೆ ಮಗಳಿಗೆ ತಿಳಿಸುತ್ತಾರೆ, ಮಗಳು ಒಪ್ಪಿದರೆ ಭೇಟಿ ಮಾಡಿಸುತ್ತಾರೆ.

"ಕಚೇರಿ ಅಂದ್ರೆ ನನ್ನ ಕೈಕಾಲೇ ಆಡಲ್ಲ ಅಕ್ಕ. ನೀನು ಬಂದ್ರೆ ಹೋಗ್ತೀನಿ. ಇವರಿಗೆ ನಿನ್ನ ಜೊತೆ ಕ್ಲಾಸಿಗೆ ನೂಲು ತರೋಕೆ ಹೋಗ್ತೀನಿ ಅಂದ್ರಾಯ್ತು."

"ಬರ್ತೀನಿ. ಊರಿಂದ ಸಭೆಯವರು ಬಂದು ಹೋಗ್ಲಿ. ಅದರ ಮುಂದಿನ ಗುರುವಾರ ಹೋಗೋಣ" ಎಂದರು ಟೀಚರಮ್ಮ.

ಸಭೆಯವರು ಏಳು ಜನ ಬಂದರು, ಹತ್ತು ದಿನದ ಭೇಟಿಗೆ, ಹತ್ತಿರದ ಲಾಡ್ಜಿನಲ್ಲಿ ಇಳಿದರು. ಅವರಲ್ಲಿ ದೊಡ್ಡಮ್ಮನೂ ಇದ್ದರು. ಬಂದು ಚೀಲ ಇಳಿಸುವ ಮೊದಲೇ ಅವರದು ಒಂದೇ ಮಾತು:

"ಆ ಇಸ್ತ್ರಿ ಅಂಗಡಿ ಸಹೋದರೀನ ನೋಡ್ಬೇಕಲ್ಲ."

ಹುಂಬತನವೆಂದರೆ ಇದು: ಬರೆದದ್ದು ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಎಂದು ತಿಳಿದಿದ್ದ ಟೀಚರಮ್ಮನಿಗೆ, ಓದಿದವರು ಅಲ್ಲಿಂದ ಇಲ್ಲಿಗೆ ಬಂದಾರು ಎಂಬುದು ಹೊಳೆದೇ ಇರಲಿಲ್ಲ. ಅವಳಿಗೆ ಹುಷಾರಿಲ್ಲ ಎಂದರು, ಅಂಗಡಿಗೆ ರಜೆ ಎಂದರು, ಕೆಲಸ ಜಾಸ್ತಿ ಎಂದರು. ಏಳು ದಿನ ಏನೇನೋ ಹೇಳಿ ತಳ್ಳಿದರು. ಎಂಟನೆಯ ದಿನ ಮನೆಯಲ್ಲಿ ಊಟ ಮಾಡಿ ಹೊರಟಾಗ ದೊಡ್ಡಮ್ಮ ಮೆಟ್ಟಿಲಿಳಿದು, ತೆರೆದ ಬಾಗಿಲಲ್ಲಿ ಫೋಟೋದ ಮುಖವನ್ನು ಕಂಡೇಬಿಟ್ಟರು.

"ಇವಳೇ ಅಲ್ವಾ?" ಎಂದವರೇ ಒಳಗೆ ನಡೆದರು. ಆ ವಯಸ್ಸಿನಲ್ಲಿ ಆ ಚುರುಕು ಎಲ್ಲಿತ್ತೋ, ಟೀಚರಮ್ಮ ಕೈಹಿಡಿದು ನಿಲ್ಲಿಸುವಷ್ಟರಲ್ಲಿ ಮೇಜಿನ ಮುಂದೆ ನಿಂತಿದ್ದರು. ಇಸ್ತ್ರಿಯವಳ ಗಂಡನೂ ಅಲ್ಲೇ ಇದ್ದ, ಗಂಟು ಬಿಚ್ಚುತ್ತ.

ದೊಡ್ಡಮ್ಮ ಹೆಗಲ ಚೀಲದಿಂದ ಎರಡು ಉಣ್ಣೆಯ ಶಾಲು ತೆಗೆದರು. ವರ್ಷವಿಡೀ ಪ್ರಾರ್ಥನೆ ಮಾಡುತ್ತ ಕೈಯಾರೆ ಹೆಣೆದದ್ದು. ಒಂದು ಕಂದು, ಒಂದು ಹಳದಿ. ಕಂದು ಶಾಲನ್ನು ಅವಳ ಹೆಗಲಿಗೆ ಹೊದಿಸಿದರು. ಹಳದಿಯದನ್ನು ಎದೆಗೆ ಒತ್ತಿಕೊಂಡು, ಎರಡು ತೋಳನ್ನೂ ಕೂಡಿಸಿ, ಹಸುಗೂಸನ್ನು ತೂಗಿದಂತೆ ತೂಗಿದರು. ಆಮೇಲೆ ಕೈಯನ್ನು ತಮ್ಮ ಭುಜದ ಎತ್ತರಕ್ಕೆ ಎತ್ತಿ, ಇಷ್ಟು ದೊಡ್ಡವಳು ಎಂದು ತೋರಿಸಿದರು. ಅವಳ ಎದೆಯನ್ನು ಮುಟ್ಟಿದರು, ಮೇಲಕ್ಕೆ ನೋಡಿ ಕೈಮುಗಿದರು. ಕಣ್ಣಲ್ಲಿ ಧಾರಾಕಾರ ನೀರು.

ಅನುವಾದ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಇಸ್ತ್ರಿಯವಳು ಟೀಚರಮ್ಮನ ಕಡೆ ತಿರುಗಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಮನೆಗೆ ಬಂದು ಬೀಗ ಒಡೆದಿರುವುದನ್ನು ಕಂಡವರ ನೋಟ. ಟೀಚರಮ್ಮನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಏನಂತೆ? ಯಾಕೆ ಅಳ್ತಿದ್ದಾರೆ?" ಎಂದ ಗಂಡ.

ಟೀಚರಮ್ಮ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಪಾಪ, ಇವರಿಗೊಬ್ಬಳು ಮಗಳಿದ್ದಳಂತೆ ಕಣ್ರೀ. ಕಳ್ಕೊಂಡ್ರಂತೆ. ನನ್ನ ನೋಡಿ ಅವಳ ನೆನಪು ಬಂತಂತೆ."

ಅವನು ಒಳ್ಳೆಯವನು. ಅವನಿಗೂ ಕಣ್ಣು ತೇವವಾಯಿತು. ಓಡಿಹೋಗಿ ಕುರ್ಚಿ ತಂದ, ಟೀ ತರಿಸುತ್ತೇನೆಂದ. ದೊಡ್ಡಮ್ಮ ಕೂತು ಟೀಚರಮ್ಮನನ್ನು ಕೇಳಿದರು:

"ಏನಂದ್ಳಮ್ಮ?"

"ನಿಮ್ಮ ಪ್ರಾರ್ಥನೆಗೆ ವಂದನೆ ಅಂದ್ಳು."

"ದೇವರಿಗೆ ಸ್ತೋತ್ರ" ಎಂದು ದೊಡ್ಡಮ್ಮ ಹಳದಿ ಶಾಲನ್ನು ಅವಳ ಕೈಗಿಟ್ಟು, ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಕಾಣದ ಹೆಣ್ಣುಮಗಳಿಗಾಗಿ ಊಟ ಬಿಟ್ಟ ಜೀವ ಅದು. ತಪ್ಪು ಎಲ್ಲಿ ಶುರುವಾಯಿತೆಂದು ಟೀಚರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಎರಡನೇ ಮಹಡಿಯ ಊಟದ ಮೇಜಿನ ಮೇಲೆ.

ಮರುದಿನ ಇಸ್ತ್ರಿಯವಳ ಗಂಡ ವ್ಯಾನು ತೆಗೆದುಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿ ಟೀಚರಮ್ಮ ಕೆಳಗಿಳಿದರು. ಅವಳು ಶರಟೊಂದರ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಎಷ್ಟು ಜನಕ್ಕೆ ಗೊತ್ತು?" ಅವಳೇ ಕೇಳಿದಳು.

ಟೀಚರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಊರ ಸಭೆ ಒಂದು, ಪತ್ರದ ನಕಲು ಹೋಗುವ ಹಳ್ಳಿಯ ಸಭೆಗಳು ಐದು.

"ಐನೂರು... ಆರುನೂರು ಇರಬಹುದು. ಎಲ್ಲ ದೂರದವರು. ಪ್ರಾರ್ಥನೆಗೆ ಅಂತ ಬರ್ದೆ. ನಿನ್ನ ಮೇಲಿನ ಪ್ರೀತಿಗೆ..."

"ನನ್ನ ಗಂಡನಿಗೆ ಗೊತ್ತಿಲ್ಲದೇ ಇರೋದು ಆರುನೂರು ಜನಕ್ಕೆ ಗೊತ್ತು." ಅವಳು ಶರಟು ತಿರುಗಿಸಿ ಹಾಕಿದಳು. "ನಿಮ್ಮ ದೇವರಿಗೆ ಪತ್ರ ಬರೆದ್ರೇನೇ ಗೊತ್ತಾಗೋದಾ, ಟೀಚರ್?"

ಹತ್ತು ವರ್ಷದಲ್ಲಿ ಅವಳ ಬಾಯಲ್ಲಿ ಆ ಪದ ಬಂದದ್ದು ಅದೇ ಮೊದಲು. ಟೀಚರಮ್ಮ ತಪ್ಪಾಯಿತು ಎಂದರು. ಕೈಮುಗಿದರು ಕೂಡ. ಅವಳು, "ಇರಲಿ ಬಿಡಿ" ಎಂದಳು. "ಗುರುವಾರ ಬರೋದು ಬೇಡ. ನಾನು ಹೋಗಲ್ಲ."

ಮೇಲೆ ಬಂದು ಯಜಮಾನರಿಗೆ ಹೇಳಿದರೆ, ಅವರು ಮೊದಲು, "ಎಲ್ಲ ಮಿಷನರಿಗಳೂ ಬರೀತಾರೆ ಕಣೇ" ಎಂದರು. ಆಮೇಲೆ ಹೆಂಡತಿಯ ಮುಖ ನೋಡಿ, "ಓದಿ ಕಳಿಸ್ದೋನು ನಾನು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ" ಎಂದು ಮೊಣಕಾಲು ನೀವಿಕೊಂಡರು.

ಮುಂದಿನ ಮಂಗಳವಾರ ಬೆಡ್‌ಶೀಟು ಬಂದ ಸದ್ದು ಕೇಳಿ ಟೀಚರಮ್ಮನ ಕಾಲು ತಾನಾಗಿ ಮೆಟ್ಟಿಲಿಳಿಯಿತು. ಅಂಗಡಿಯ ಗೋಡೆಗೆ ಎರಡು ಕಬ್ಬಿಣದ ಕೊಕ್ಕೆ ಹೊಡೆದಿತ್ತು. ಬೆಡ್‌ಶೀಟಿನ ಎರಡು ಮೂಲೆಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೆರಡು ಮೂಲೆ ಹಿಡಿದು ಅವಳು ಎಳೆದು ಝಾಡಿಸುತ್ತಿದ್ದಳು. ಕೆಲಸ ಸಲೀಸಾಗಿ ಸಾಗುತ್ತಿತ್ತು. ಇವರನ್ನು ಕಂಡು ನಕ್ಕಳು, ಗಿರಾಕಿಗಳನ್ನು ಕಂಡರೆ ನಗುವ ನಗು.

"ಬನ್ನಿ ಟೀಚರ್, ಕೂತ್ಕೊಳ್ಳಿ" ಎಂದು ಕುರ್ಚಿ ಹಾಕಿದಳು. ಹತ್ತು ವರ್ಷ ಆ ಅಂಗಡಿಯಲ್ಲಿ ಟೀಚರಮ್ಮನಿಗೆ ಯಾರೂ ಕುರ್ಚಿ ಹಾಕಿರಲಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದು, ಬಾಗಿಲು ಹಾಕಿದ್ದರೆ ತಟ್ಟಬಹುದು. ಕುರ್ಚಿ ಹಾಕಿದವರಿಗೆ ಏನು ಹೇಳುವುದು? ಎರಡು ನಿಮಿಷ ಕೂತು ಎದ್ದುಬಂದರು.

ಐದು ವಾರ ಹೀಗೇ ಕಳೆಯಿತು. ಹೋಗಬೇಕಿದ್ದ ಗುರುವಾರ ಹೋಗದೆಯೇ ಮುಗಿಯಿತು. ಟೀಚರಮ್ಮನಿಗೆ ಪ್ರಾರ್ಥನೆ ಬರದಂತಾಯಿತು. ಕಣ್ಣು ಮುಚ್ಚಿದರೆ ಬಾಯಲ್ಲಿ ವಾಕ್ಯಗಳೇ ಬರುತ್ತಿದ್ದವು, ನೀಟಾಗಿ, ಪತ್ರಕ್ಕೆ ಹೊಂದುವ ಹಾಗೆ. ತಾನು ಇಷ್ಟು ವರ್ಷ ದೇವರೊಂದಿಗೆ ಮಾತಾಡುತ್ತಿದ್ದೆನೋ, ಊರಿನವರಿಗೆ ಕೇಳಿಸುತ್ತಿದ್ದೆನೋ? ಅವಳು ಮಗಳನ್ನು ಹುಡುಕುವ ಧೈರ್ಯ ಮಾಡಿದ್ದಳು. ಆ ಧೈರ್ಯವನ್ನು ಕೈಯಾರೆ ಮುರಿದೆನಲ್ಲ ಎಂದು ಅನ್ನ ಸೇರದೆ ಕೂತರು.

ಆರನೆಯ ವಾರದ ಗುರುವಾರ ಮಧ್ಯಾಹ್ನ, ಮನೆಯ ಚಪ್ಪಲಿಯಲ್ಲೇ ಕಸದ ಬುಟ್ಟಿ ಖಾಲಿ ಮಾಡಲು ಕೆಳಗಿಳಿದಾಗ ಅಂಗಡಿಯ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ.

"ಇದೇನು ಟೀಚರಮ್ಮ, ನೀವು ಇಲ್ಲೇ ಇದ್ದೀರಾ? ನಿಮ್ಮ ಜೊತೆ ನೂಲು ತರೋಕೆ ಹೋಗ್ತೀನಿ ಅಂತ ಹೊರಟಳಲ್ಲ ನಮ್ಮವಳು. ಆ ಹಳದಿ ಶಾಲನ್ನೂ ಚೀಲಕ್ಕೆ ಹಾಕ್ಕೊಂಡು ಹೋದಳು."

ಹನ್ನೊಂದು ವರ್ಷ ದಶಾಜ್ಞೆ ಬೋಧಿಸಿದ ಮನೆಯ ಹೆಂಗಸು ಕಣ್ಣು ಮಿಟುಕಿಸದೆ ಹೇಳಿದರು:

"ಹೌದಪ್ಪ, ಅವಳು ಮುಂದೆ ಹೋಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ. ಇದೊಂದು ಕಸ ಚೆಲ್ಲಿ ಬರ್ತೀನಿ ಅಂದಿದ್ದೆ. ಹೊರಟೆ."

ಕಸ ಚೆಲ್ಲಿದರು, ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟರು, ಹಾಗೇ ಹೊರಟರು. ವಾಪಸು ಹತ್ತಿ ಹೋಗುವಂತಿರಲಿಲ್ಲ, ಅವನು ಬಾಗಿಲಲ್ಲೇ ಇದ್ದ. ಮೈಮೇಲೆ ಕೋಟಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ, ಹೊರಗೆ ಕೊರೆಯುವ ಗಾಳಿ. ಬಸ್ ಸ್ಟಾಪಿನ ಎದುರಿನ ಅಂಗಡಿಗೆ ಹೋಗಿ, ಸೆರಗಿನ ಗಂಟಿನಲ್ಲಿದ್ದ ಚಿಲ್ಲರೆಗೆ ನಾಲ್ಕು ಉಂಡೆ ನೂಲು ತೆಗೆದುಕೊಂಡರು, ಎರಡು ಕಪ್ಪು, ಎರಡು ಬಿಳಿ. ಆಮೇಲೆ ಸ್ಟಾಪಿನ ಬೆಂಚಿನ ಮೇಲೆ ಕೂತರು. ಒಂದೂವರೆಗೆ ಕೂತವರು ಐದಾದರೂ ಏಳಲಿಲ್ಲ. ಬಸ್ಸುಗಳು ಬಂದವು, ಹೋದವು. ಕಾಲಿನ ಬೆರಳು ಮರಗಟ್ಟಿದವು. ಅಷ್ಟು ಹೊತ್ತು ಅವರ ಬಾಯಲ್ಲಿ ಒಂದು ವಾಕ್ಯವೂ ಬರಲಿಲ್ಲ. ಬರೀ ಕೂತಿದ್ದರು. ಅದೇ ಪ್ರಾರ್ಥನೆಯಾಗಿತ್ತೋ ಏನೋ, ಅವರಿಗೂ ತಿಳಿಯದು.

ಐದೂಕಾಲಿನ ಬಸ್ಸಿನಿಂದ ಅವಳು ಇಳಿದಳು. ಚೀಲ ಖಾಲಿಯಾಗಿತ್ತು, ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕಣ್ಣು ಕೆಂಪಗೆ ಊದಿದ್ದವು. ಬೆಂಚಿನ ಮೇಲೆ ಕೂತವರನ್ನು ನೋಡಿದಳು, ಅವರ ಕಾಲಿನ ಹವಾಯಿ ಚಪ್ಪಲಿ ನೋಡಿದಳು.

"ಅವರು ಕೇಳಿದ್ರಾ?"

"ಕೇಳಿದ್ರು. ನೀನು ಮುಂದೆ ಹೋಗಿದ್ದೀಯ, ನಾನೂ ಹೊರಟೆ ಅಂದೆ."

ಟೀಚರಮ್ಮ ನೂಲಿನ ಪೊಟ್ಟಣ ಮುಂದೆ ಚಾಚಿದರು.

"ನೂಲು ತರೋಕೆ ಹೋದವರು ಬರಿಗೈಲಿ ಹೋದ್ರೆ ಚೆನ್ನಾಗಿರಲ್ಲ."

ಅವಳು ಪೊಟ್ಟಣ ತೆಗೆದುಕೊಂಡಳು. ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು.

"ಏನಾಯ್ತು ಅಂತ ಕೇಳ್ಬೇಡಿ ಟೀಚರ್."

"ಕೇಳಲ್ಲ."

ಇಬ್ಬರೂ ಜೊತೆಯಾಗಿ ಅಂಗಡಿಯವರೆಗೆ ನಡೆದರು. ಗಂಡ, "ನಾಲ್ಕು ಉಂಡೆ ನೂಲಿಗೆ ಇಡೀ ಮಧ್ಯಾಹ್ನಾನಾ? ಹತ್ತಿ ಬಿಡಿಸಿ, ನೂತು ತಂದ್ರೋ ಹೇಗೆ?" ಎಂದು ತಮಾಷೆ ಮಾಡಿದ. ಇಬ್ಬರೂ ನಕ್ಕರು. ನಕ್ಕದ್ದು ಅವನಿಗಾಗಿ.

ಆ ತಿಂಗಳ ಕೊನೆಗೆ ಸಭಾಪಾಲಕರು ಫೋನು ಮಾಡಿ, "ಇಸ್ತ್ರಿ ಸಹೋದರಿಯ ವಿಷಯ ಏನಾಯ್ತು ಸಿಸ್ಟರ್? ದೊಡ್ಡಮ್ಮ ಎರಡು ವಾರದಿಂದ ಹಾಸಿಗೆ ಹಿಡಿದಿದ್ದಾರೆ, ದಿನಾ ಅದನ್ನೇ ಕೇಳ್ತಾರೆ. ಒಂದು ಒಳ್ಳೇ ಸುದ್ದಿ ಇದ್ರೆ ಬರೀರಿ" ಎಂದರು. ಟೀಚರಮ್ಮ ಪತ್ರ ಬರೆದರು. ವೀಸಾ, ಮಾಡು, ಮೊಣಕಾಲು. ಕೆಳಗೆ ಒಂದು ಸಾಲು: "ನಾಲ್ಕನೆಯ ವಿಷಯವನ್ನು ಬರೆಯುವ ಅಧಿಕಾರ ನನಗೆ ಇರಲಿಲ್ಲ. ನಾನು ತಪ್ಪು ಮಾಡಿದೆ. ದಯಮಾಡಿ ಅದನ್ನು ನಿಮ್ಮ ಪುಸ್ತಕಗಳಿಂದ ಹೊಡೆದುಹಾಕಿರಿ, ಯಾರೊಂದಿಗೂ ಆಡಬೇಡಿರಿ." ಪುಸ್ತಕದಿಂದ ಹೊಡೆದುಹಾಕಬಹುದು, ಆರುನೂರು ತಲೆಗಳಿಂದ ಹೊಡೆದುಹಾಕುವವರು ಯಾರು? ಯಜಮಾನರು ಓದಿ ಲಕೋಟೆ ಅಂಟಿಸಿದರು.

ಮಂಗಳವಾರ ಅದನ್ನು ಅಂಚೆಗೆ ಹಾಕಿ ಬರುವಾಗ ಟೀಚರಮ್ಮ ಅಂಗಡಿಯ ಬಾಗಿಲಲ್ಲಿ ನಿಂತರು. ಬೆಡ್‌ಶೀಟಿನ ರಾಶಿ ಅರ್ಧಕ್ಕೆ ಇಳಿದಿತ್ತು. ಇಸ್ತ್ರಿಯವಳು ಕಂದು ಶಾಲು ಹೊದ್ದಿದ್ದಳು. ದೊಡ್ಡಮ್ಮ ಹೊದಿಸಿದ ಆ ದಿನ ಬಿಟ್ಟರೆ, ಅದನ್ನು ಅವಳ ಮೈಮೇಲೆ ಕಂಡದ್ದು ಅದೇ ಮೊದಲು. ಗೋಡೆಯ ಮೇಲಿನ ಕನ್ನಡಿಗೆ ಸಿಕ್ಕಿಸಿದ್ದ ಕಾಗದದ ಚೂರಿನಲ್ಲಿ ಒಂದು ಫೋನ್ ನಂಬರು, ಹೆಸರಿಲ್ಲದ್ದು. ಅವಳು ಏನೋ ಗುನುಗುತ್ತಿದ್ದಳು.

ಟೀಚರಮ್ಮನ ಕಣ್ಣು ತುಂಬಿ ಬಂತು. ಈ ಒಂದು ಶಾಲಿನ ಸುದ್ದಿ ಸಾಕಿತ್ತು, ಹಾಸಿಗೆ ಹಿಡಿದ ದೊಡ್ಡಮ್ಮ ಎದ್ದು ಕೂರುವುದಕ್ಕೆ. ಹನ್ನೊಂದು ವರ್ಷದಲ್ಲಿ ಬರೆಯಬಹುದಾಗಿದ್ದ ಒಂದೇ ಒಂದು ಸಂತೋಷದ ಸಂಗತಿ, ಅದನ್ನು ಆ ಮುದುಕಿಗೂ ಹೇಳುವಂತಿರಲಿಲ್ಲ. ಏನಾಯಿತೆಂದು ಇವಳನ್ನು ಕೇಳಿ ತಿಳಿದುಕೊಳ್ಳುವಂತೆಯೂ ಇರಲಿಲ್ಲ.

"ಬನ್ನಿ ಟೀಚರ್" ಎಂದು ಅವಳು ಕುರ್ಚಿ ಎಳೆದಳು. "ನೂಲು ಗಟ್ಟಿ ಇದೆ, ಚೆನ್ನಾಗಿದೆ."

"ಹೌದಾ?" ಎಂದರು ಟೀಚರಮ್ಮ. ಕೂತರು. ಅವಳು ಹೊಸ ಬೆಡ್‌ಶೀಟೊಂದನ್ನು ತೆಗೆದು, ಎರಡು ಮೂಲೆಯನ್ನು ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ಸರಿದು ಎಳೆದಳು. ಟೀಚರಮ್ಮನ ಎರಡು ಕೈಗಳೂ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.